ಬಂಡಿದಾರಿಗೆ ಹಾಕಿದ ಬೀಗ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮಾಗಡಿ ತಾಲ್ಲೂಕಿನ ಹಳ್ಳಿಯೊಂದರ ಪಕ್ಕದ ಬಡಾವಣೆಯಲ್ಲಿ ನಿವೇಶನ ಕೊಂಡು, ಪುಟ್ಟ ಮನೆ ಕಟ್ಟಿ, ನಾನೂ ಯಜಮಾನರೂ ಇಲ್ಲೇ ನೆಲೆಸಿದ್ದೇವೆ. ಅರವತ್ತಕ್ಕೂ ಹೆಚ್ಚು ಮಾಲೀಕರಿದ್ದರೂ ಇಲ್ಲಿ ವಾಸವಿರುವುದು ಹತ್ತು ಹನ್ನೆರಡು ಮನೆಯವರು. ಉಳಿದವರು ಬೆಂಗಳೂರಿನಲ್ಲಿ, ಕೆಲವರು ಅಮೆರಿಕದಲ್ಲಿ. ಬೇರೆ ಯಾರೂ ಒಪ್ಪದ ಕಾರಣ ಹೋದ ವರ್ಷ ಮಾಲೀಕರ ಸಂಘದ ಅಧ್ಯಕ್ಷೆಯಾದೆ. ಅರ್ಧದಷ್ಟು ಜನ ನಿರ್ವಹಣಾ ಶುಲ್ಕ ಕೊಡುತ್ತಿಲ್ಲ. ಇದರ ಜೊತೆಗೆ ಇನ್ನೊಂದು ತಲೆನೋವು. ಕಳ್ಳರ ಭಯಕ್ಕೆ ಹಿಂದಿನ ಸಮಿತಿ ಬಡಾವಣೆಯ ಹಿಂಬದಿಗೆ ಗೇಟು ಹಾಕಿಸಿ ಬೀಗ ಜಡಿದಿತ್ತು. ಅದು ತಮ್ಮ ಬಂಡಿದಾರಿ, ಕೆರೆಗೆ ದನ ಹೊಡೆಯುವ ದಾರಿ ಎಂದು ಊರಿನವರು ಹೇಳುತ್ತಾರೆ. ಕಳೆದ ತಿಂಗಳು ಯಾರೋ ಸರಪಳಿ ಕಿತ್ತುಹಾಕಿದರು. ಪೊಲೀಸರಿಗೆ ದೂರು ಕೊಡಿ ಎಂದು ಸದಸ್ಯರು ವಾಟ್ಸ್ಆ್ಯಪ್ ಗುಂಪಿನಲ್ಲಿ ನಡುರಾತ್ರಿಯವರೆಗೂ ಒತ್ತಾಯಿಸುತ್ತಾರೆ. ದೂರು ಕೊಟ್ಟರೆ ಬೆಳಿಗ್ಗೆ ಹಾಲು ತಂದುಕೊಡುವ ಮನೆಯವರ ಮುಖ ಹೇಗೆ ನೋಡಲಿ? ನಿದ್ದೆ ಬರುವುದಿಲ್ಲ. ರಾಜೀನಾಮೆ ಕೊಟ್ಟುಬಿಡಲೇ?
— ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು. ದೂರು ಕೊಡಬೇಡಿ. ಹಾಲಿನ ಮನೆಯವರ ಮುಖ ನೆನಪಾಗಿ ನೀವು ಅಳುಕಿದ್ದು ಹೇಡಿತನವಲ್ಲ, ವಿವೇಕ. ಗುಂಪಿನಲ್ಲಿ ಒತ್ತಾಯಿಸುತ್ತಿರುವ ಬಹುತೇಕರಿಗೆ ಆ ಮುಖಗಳ ಪರಿಚಯವೇ ಇಲ್ಲ. ವರ್ಷಕ್ಕೆರಡು ಸಲ ಕಾರಿನಲ್ಲಿ ಬಂದು ಬೇಲಿ ನೋಡಿಕೊಂಡು ಹೋಗುವವರಿಗೆ ಹಳ್ಳಿ ಎಂದರೆ ಬೇಲಿಯ ಆಚೆಗಿನ ಜಾಗ. ನಿಮಗೆ ಅದು ನೆರೆಮನೆ.

ಆ ದಾರಿ ಯಾರದು ಎಂಬುದು ಕಾಗದದಲ್ಲಿ ಗೊತ್ತಾಗಬೇಕು. ಗ್ರಾಮ ನಕಾಶೆ ತೆಗೆಸಿ, ಬಂಡಿದಾರಿ ಗುರುತಾಗಿದೆಯೇ ನೋಡಿ. ಪಹಣಿಯಲ್ಲಿ ಖರಾಬು ಎಷ್ಟಿದೆ, ಅದು ‘ಎ’ಯೋ ‘ಬಿ’ಯೋ ಎಂಬುದನ್ನೂ ಸರ್ವೆ ದಾಖಲೆಯಲ್ಲಿ ವಿಚಾರಿಸಿ. ಉಳುಮೆಗೆ ಬಾರದ ಬಂಡೆ, ದಿಣ್ಣೆಯಂಥದ್ದು ‘ಎ’ ಖರಾಬು, ಅದು ಮಾಲೀಕನ ಹಿಡುವಳಿಗೇ ಸೇರುತ್ತದೆ. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದು ‘ಬಿ’ ಖರಾಬು, ಅದು ಸರ್ಕಾರದ್ದು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಒಂದು ಅಂದಾಜು ಸಿಗುತ್ತದೆ. ಆದರೆ ಜಗಳ ಇರುವ ಕಡೆ ಅದನ್ನೇ ನಂಬಿ ಕೂರಬಾರದು. ಹದ್ದುಬಸ್ತಿಗೆ ಅರ್ಜಿ ಹಾಕಿ. ಅಳತೆಯ ದಿನ ಊರಿನ ಹಿರಿಯರನ್ನೂ ಕರೆಯಿರಿ. ಅವರ ಕಣ್ಣೆದುರೇ ಸರಪಣಿ ಎಳೆದರೆ ನಾಳೆ ಯಾರೂ ಅದನ್ನು ಅನುಮಾನಿಸುವುದಿಲ್ಲ.

ನಕಾಶೆಯಲ್ಲಿ ದಾರಿ ಇದ್ದರೆ ಬೀಗ ಹಾಕಲು ಸಂಘಕ್ಕೆ ಹಕ್ಕಿಲ್ಲ. ತಹಶೀಲ್ದಾರರು ಬಂದು ತೆರವು ಮಾಡಿಸಬಹುದು, ಆಗ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲುವವರು ನೀವು. ಅನುಮೋದನೆ ಪಡೆದ ಬಡಾವಣೆಯಾಗಿದ್ದು ಒಳರಸ್ತೆಗಳನ್ನು ಪಂಚಾಯಿತಿಗೆ ಬಿಟ್ಟುಕೊಟ್ಟಿದ್ದರೆ ಆ ರಸ್ತೆಗಳೂ ಸಾರ್ವಜನಿಕರವೇ. ಇವೆರಡೂ ಅಲ್ಲ, ದಾರಿ ಖಾಸಗಿ ಜಮೀನಿನಲ್ಲೇ ಇದೆ ಎಂದುಕೊಳ್ಳಿ. ಆಗಲೂ 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದವರು 1882ರ ಅನುಭೋಗ ಹಕ್ಕುಗಳ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಲ್ಲಿ ದಾರಿ ಕೇಳಬಹುದು. ನಿಮ್ಮ ಬಡಾವಣೆ ಹುಟ್ಟುವ ಮೊದಲು ಅದು ರಾಗಿ ಹೊಲವಾಗಿದ್ದಾಗಲೇ ಆ ದಾರಿಯಲ್ಲಿ ಗಾಡಿ ಓಡಾಡಿರುತ್ತದೆ. ಯಾವ ಕಡೆಯಿಂದ ನೋಡಿದರೂ ಆ ಬೀಗ ನಿಲ್ಲುವುದು ಕಷ್ಟ. ಅಳತೆ ಮುಗಿಯುವವರೆಗೂ ಕಾಯಬೇಡಿ, ಗೇಟು ಈಗಲೇ ತೆರೆಸಿ. ಸುಗ್ಗಿಯಲ್ಲಿ ಹೊರೆ ಹೊತ್ತ ಗಾಡಿ ಸುತ್ತುಬಳಸಿ ಹೋಗಬೇಕಾದಾಗ ಆ ಮನೆಯವರ ಹೊಟ್ಟೆಯಲ್ಲಿ ಏಳುವ ಸಂಕಟವನ್ನು ಯಾವ ಕಾನೂನಿನ ಪುಸ್ತಕವೂ ಅಳೆಯುವುದಿಲ್ಲ. ಆ ಸಂಕಟವೇ ನಿಮ್ಮ ಸರಪಳಿ ಕಿತ್ತದ್ದು.

ತೆರೆಸುವ ರೀತಿಯೂ ಮುಖ್ಯ. ಕಾವಲುಗಾರನ ಕೈಲಿ ಬೀಗ ತೆಗೆಸಿ ಸುಮ್ಮನಾದರೆ ಊರಿನವರಿಗೆ ಅದು ಹೆದರಿ ಬಿಟ್ಟಂತೆ ಕಾಣುತ್ತದೆ. ಸಮಿತಿಯ ಇಬ್ಬರನ್ನು ಕರೆದುಕೊಂಡು ಸಂಜೆ ಹಾಲು ಅಳೆಯುವ ಹೊತ್ತಿಗೆ ಡೇರಿಯ ಹತ್ತಿರ ಹೋಗಿ. ಊರಿನ ಜನ ಒಟ್ಟಿಗೆ ಸಿಗುವ ಹೊತ್ತು ಅದು. ಕೇಳದೆ ದಾರಿ ಮುಚ್ಚಿದ್ದು ಸರಿಯಲ್ಲ ಎಂದು ನೇರವಾಗಿ ಹೇಳಿ. ನಿಮ್ಮ ಕಳ್ಳತನದ ಭಯವನ್ನೂ ಮುಚ್ಚಿಡಬೇಡಿ. ಖಾಲಿ ಮನೆಗಳ ಪಂಪ್‌ಸೆಟ್ಟು, ಕೇಬಲ್ಲು ಕಳುವಾಗುವುದು ನಿಜ, ಊರಿನವರ ತೋಟದಲ್ಲೂ ಕಳುವಾಗುತ್ತದೆ. ತಿರುವಿನಲ್ಲೊಂದು ದೀಪ, ಊರಿನವನೇ ಆದ ರಾತ್ರಿ ಕಾವಲುಗಾರ, ಬೀಟ್ ಪೊಲೀಸರ ನಂಬರು ಎರಡೂ ಕಡೆಯವರ ಬಳಿ ಇರುವುದು. ಇವು ಬೀಗಕ್ಕಿಂತ ಹೆಚ್ಚು ಕಾಯುತ್ತವೆ.

ಅಲ್ಲಿ ನಿಂತಾಗ ಕೊಳವೆಬಾವಿಯ ಮಾತು ಬಂದೇ ಬರುತ್ತದೆ, ಸಿದ್ಧರಾಗಿ ಹೋಗಿ. ಬಡಾವಣೆಯವರು ಆಳಕ್ಕೆ ಕೊರೆಸಿದ್ದರಿಂದಲೇ ನಮ್ಮ ಬೋರು ಬತ್ತಿತು ಎಂಬ ದೂರು ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲೆಲ್ಲ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಸುವಂತಿಲ್ಲ ಎಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ನಿಮ್ಮ ಬೋರು ಎಲ್ಲಿದೆ, ಅನುಮತಿ ಇದೆಯೇ ಎಂಬುದು ನಿಮಗೆ ತಿಳಿದಿರಲಿ.

ನೀವು ಅಲ್ಲೇ ವಾಸವಿರುವವರು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಗ್ರಾಮಸಭೆಯ ಸದಸ್ಯರು. ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು ಎಂಬುದು ಕಾನೂನು. ಇಂಥ ಬಡಾವಣೆಗಳ ಸಂಘಗಳು ಪಿಡಿಒಗೆ ಪತ್ರದ ಮೇಲೆ ಪತ್ರ ಬರೆಯುತ್ತವೆ, ಗ್ರಾಮಸಭೆಗೆ ಮಾತ್ರ ಹೋಗುವುದಿಲ್ಲ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ. ಕಸದ ಗಾಡಿ, ಬೀದಿ ದೀಪದ ಬೇಡಿಕೆಯನ್ನು ಊರಿನ ಚರಂಡಿಯ ಬೇಡಿಕೆಯ ಜೊತೆಗೇ ಅಲ್ಲಿ ಎದ್ದುನಿಂತು ಕೇಳಿ. ಶಿಕ್ಷಕಿಯ ಮಾತಿಗೆ ಹಳ್ಳಿಯಲ್ಲಿ ಇಂದಿಗೂ ಬೆಲೆ ಇದೆ.

ಇನ್ನು ಶುಲ್ಕ. ಕೊಡದವರೆಲ್ಲ ಜಿಪುಣರಲ್ಲ. ಖಾಲಿ ನಿವೇಶನ ಇಟ್ಟುಕೊಂಡು, ನೀರನ್ನೇ ಬಳಸದವರಿಗೂ ಮನೆ ಕಟ್ಟಿದವರಷ್ಟೇ ಮೊತ್ತ ಹಾಕಿದ್ದರೆ ಅವರ ತಕರಾರಿನಲ್ಲಿ ನ್ಯಾಯವಿದೆ. ರಸ್ತೆ, ಬೇಲಿ, ದೀಪ, ಬೇಸಿಗೆಗೆ ಮುನ್ನ ಒಣಹುಲ್ಲು ಕೊಯ್ಯಿಸಿ ಬೆಂಕಿ ತಡೆಯುವ ಖರ್ಚು, ಇವು ಎಲ್ಲರವು. ನೀರು ಮತ್ತು ಕಸ ವಾಸವಿರುವವರವು. ಹೀಗೆ ಎರಡು ಪಾಲು ಮಾಡಿ. ಕಳೆದ ವರ್ಷದ ಒಂದೊಂದು ಖರ್ಚನ್ನೂ ರಸೀದಿ ಸಮೇತ ಎಲ್ಲರಿಗೂ ಕಳಿಸಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯ ಮಾಡಿ. ಲೆಕ್ಕ ಕಾಣಿಸದ ಸಂಘಕ್ಕೆ ದೂರದೂರಿನಲ್ಲಿ ಕೂತವರು ಯಾವ ನಂಬಿಕೆಯ ಮೇಲೆ ಹಣ ಕಳಿಸಬೇಕು?

ನಿಮ್ಮ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ವಾರ್ಷಿಕ ಸಭೆ ನಡೆಸಲೇಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ಪ್ರತಿವರ್ಷ ನೋಂದಣಾಧಿಕಾರಿಗೆ ಸಲ್ಲಿಸಲೇಬೇಕು. ಹಿಂದಿನ ಸಮಿತಿ ಇದನ್ನೆಲ್ಲ ಮಾಡಿದೆಯೇ ಎಂದು ತಕ್ಷಣ ಪರಿಶೀಲಿಸಿ. ಸದಸ್ಯರಾಗಲು ಒಲ್ಲೆ ಎನ್ನುವವರನ್ನು ಸಂಘ ಬಲವಂತವಾಗಿ ಸೇರಿಸಿಕೊಳ್ಳಲಾಗದು. ಬಾಕಿಯವರ ನೀರು ಕಡಿಯುವ ಸಲಹೆ ಬಂದರೆ ತಳ್ಳಿಹಾಕಿ. ಲಿಖಿತ ನೋಟಿಸು ಕಳಿಸಿ. ಆಮೇಲೂ ಉತ್ತರ ಬಾರದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ದಾವೆಗೆ ಮುಂಚಿನ ರಾಜಿಗೆ ಅರ್ಜಿ ಕೊಡಬಹುದು, ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಬಾಕಿ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುವುದರಿಂದ ಹಳೆಯ ಬಾಕಿಯ ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಘದ ನಿರ್ಧಾರ ಆಗಕೂಡದು. ಅಲ್ಲಿ ಸೂಚನೆ ಮಾತ್ರ ಇರಲಿ. ನಿರ್ಧಾರ ಸಭೆಯಲ್ಲಿ, ನಡಾವಳಿ ಪುಸ್ತಕದಲ್ಲಿ. ಅಮೆರಿಕದವರಿಗೂ ಕೂಡಿಬರುವಂತೆ ಭಾನುವಾರ ಬೆಳಿಗ್ಗೆ ವಿಡಿಯೊ ಮೂಲಕ ಸೇರಿಸಿಕೊಳ್ಳಿ, ಅವರಿಗದು ಶನಿವಾರ ರಾತ್ರಿ. ರಾತ್ರಿ ಒಂಬತ್ತರ ನಂತರ ನೀವು ಫೋನು ಮುಟ್ಟಬೇಡಿ. ನಿದ್ದೆಗೆಟ್ಟ ಅಧ್ಯಕ್ಷೆಯಿಂದ ಯಾರಿಗೂ ಉಪಕಾರವಿಲ್ಲ, ಯಜಮಾನರಿಗಂತೂ ಮೊದಲೇ ಇಲ್ಲ.

ರಾಜೀನಾಮೆ ಈಗ ಬೇಡ. ವಿಶೇಷ ಸಭೆ ಕರೆದು ನಕಾಶೆ ಮುಂದಿಡಿ. ಲೆಕ್ಕಪತ್ರವನ್ನು ಒಬ್ಬರಿಗೆ, ನೀರಿನ ಉಸ್ತುವಾರಿಯನ್ನು ಇನ್ನೊಬ್ಬರಿಗೆ ವಹಿಸಿ. ವಾರ್ಷಿಕ ಸಭೆಯವರೆಗೆ ನಡೆಸಿ, ಅಲ್ಲಿ ಹೊಸಬರಿಗೆ ಒಪ್ಪಿಸಿ. ಆದರೆ ನಕಾಶೆ ನೋಡಿದ ಮೇಲೂ ಬಹುಮತ ಬೀಗ ಹಾಕಲೇಬೇಕು ಎಂದು ಹಟ ಹಿಡಿದರೆ ಕಾರಣವನ್ನು ನಡಾವಳಿಯಲ್ಲಿ ಬರೆಸಿ ಅಂದೇ ಹೊರಬನ್ನಿ. ತಪ್ಪು ಕೆಲಸಕ್ಕೆ ನಿಮ್ಮ ಸಹಿ ಬೀಳದಿರಲಿ.