ಹುಚ್ಚುನಾಯಿ ರೋಗದ ಪತ್ತೆಗೆ ಹೊಳೆಯುವ ಪ್ರತಿಕಾಯ

ಹಸು ಜೊಲ್ಲು ಸುರಿಸುತ್ತ, ದನಿ ಬದಲಾಗಿ ಅರಚುತ್ತ, ಮೇವು ನುಂಗಲಾರದೆ ನಿಂತರೆ ಗಂಟಲಿನಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವವರುಂಟು. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ಲಕ್ಷಣಗಳಿಂದಲೇ ಖಚಿತವಾಗಿ ಹೇಳಲಾಗದು. ರಾಸು ಸತ್ತ ಮೇಲೆ ಮಿದುಳಿನ ಪರೀಕ್ಷೆಯಿಂದ ತಿಳಿಯುತ್ತದೆ.

ಪರೀಕ್ಷೆಯ ವಿಧಾನ: ದೇಹಕ್ಕೆ ರೋಗಾಣು ಹೊಕ್ಕಾಗ ಅದಕ್ಕೇ ಅಂಟಿಕೊಳ್ಳುವ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ. ರೇಬೀಸ್ ವೈರಸ್ಸಿನ ಪ್ರತಿಕಾಯಕ್ಕೆ ಫ್ಲೂರೆಸೀನ್ ಎಂಬ ಬಣ್ಣವನ್ನು ಮೊದಲೇ ಜೋಡಿಸಿರುತ್ತಾರೆ. ಮಿದುಳಿನ ತೆಳು ಲೇಪವನ್ನು ಗಾಜಿನ ಸ್ಲೈಡಿನ ಮೇಲೆ ಮಾಡಿ, ಅಸಿಟೋನಿನಲ್ಲಿ ಸ್ಥಿರಗೊಳಿಸಿ, ಈ ಪ್ರತಿಕಾಯದ ದ್ರಾವಣ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟು ತೊಳೆಯುತ್ತಾರೆ. ವೈರಸ್ ಇದ್ದರೆ ಪ್ರತಿಕಾಯ ಅಂಟಿ ಉಳಿದು, ವಿಶೇಷ ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಹಸಿರು ಚುಕ್ಕೆಗಳಾಗಿ ಹೊಳೆಯುತ್ತದೆ, ಇಲ್ಲದಿದ್ದರೆ ತೊಳೆದುಹೋಗುತ್ತದೆ. ಉತ್ತರ ಕೆಲವೇ ಗಂಟೆಗಳಲ್ಲಿ ಸಿಗುತ್ತದೆ. ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ರೂಪಿಸಿದ ಈ ತಂತ್ರವನ್ನು 1958ರಲ್ಲಿ ರೇಬೀಸ್ ಪತ್ತೆಗೆ ಅಳವಡಿಸಲಾಯಿತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೇಬೀಸ್ ಪತ್ತೆ ಪ್ರಯೋಗಾಲಯವಿದೆ.

ರೈತರು ಗಮನಿಸಬೇಕಾದ ಅಂಶಗಳು:

1. ಸಂಶಯವಿರುವ ರಾಸಿನ ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಯಿರಿ.

2. ಸತ್ತ ರಾಸಿನ ತಲೆಯನ್ನು ನೀವೇ ಕಡಿಯಬೇಡಿ. ಪಶುವೈದ್ಯರು ಮಾದರಿ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಬೇಗ ಕಳುಹಿಸಲಿ. ಕೊಳೆತ ಮಿದುಳಿನಿಂದ ನಂಬಲರ್ಹ ಫಲಿತಾಂಶ ಬಾರದು.

3. ಗಾಯಕ್ಕೆ ಜೊಲ್ಲು ತಾಗಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿರಿ. ಪರೀಕ್ಷೆಯ ಉತ್ತರ ಬರಲೆಂದು ಲಸಿಕೆಗೆ ತಡಮಾಡಬೇಡಿ. ಮನುಷ್ಯರಲ್ಲಿ ರೋಗ ಕಾಣಿಸಿಕೊಂಡ ಮೇಲೆ ಲಸಿಕೆಯಿಂದ ಪ್ರಯೋಜನವಿಲ್ಲ.