ಓಡದ ಕಾರಿನ ಪಾಠ

ಕೆಲವು ವರ್ಷಗಳ ಹಿಂದೆ ಶಿರಹಟ್ಟಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪ್ರದರ್ಶನವೊಂದು ನಡೆಯಿತು. ಲಿಂಬೆಹಣ್ಣಿನ ವಿದ್ಯುತ್ಕೋಶ, ಮಳೆನೀರು ಇಂಗಿಸುವ ಮಣ್ಣಿನ ಮಾದರಿ, ಕಪ್ಪತಗುಡ್ಡದ ಗಾಳಿಯಂತ್ರ ಇವುಗಳ ನಡುವೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಗೇಣುದ್ದದ ವಿಚಿತ್ರ ಕಾರೊಂದನ್ನು ಮುಂದಿಟ್ಟುಕೊಂಡು ನಿಂತಿದ್ದನು. ಹಿಂದಿನ ಗಾಲಿಗಳು ದಪ್ಪ, ಮುಂದಿನವು ಸೈಕಲ್ಲಿನ ಗಾಲಿಗಳಂತೆ ತೆಳು. ನಡುವೆ ಬರಿಯ ಕೊಳವೆಗಳ ಉದ್ದನೆಯ ಚೌಕಟ್ಟು. ಹೊರನಾಡಿನಲ್ಲಿದ್ದ ಬಂಧುವೊಬ್ಬರು ಕಳಿಸಿದ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯಿಂದ ಅವನೇ ಅದನ್ನು ಕಟ್ಟಿದ್ದನು.

“ಓಡತೈತೇನಪಾ ಇದು?” ಎಂದು ಪರೀಕ್ಷಕರು ಕೇಳಿದರು.

“ಇಲ್ರೀ ಸರ್, ಓಡಂಗಿಲ್ರೀ.”

“ಹಂಗಾರ ಆಟದ ಸಾಮಾನು” ಎಂದು ಅವರು ಮುಂದಕ್ಕೆ ನಡೆದರು. ಪರೀಕ್ಷಕರು ಇಬ್ಬರಿದ್ದರು, ಸುಮ್ಮನಿದ್ದ ಎರಡನೆಯವನು ನಾನು. ಆ ಮೌನ ಮನಸ್ಸಿನಲ್ಲಿ ಚುಚ್ಚುತ್ತಿದ್ದುದರಿಂದ ಮುಂದೆ ಅಂತಹದೇ ಒಂದು ಪೆಟ್ಟಿಗೆಯನ್ನು ತರಿಸಿದೆನು. ಹುಡುಗನು ರವಿವಾರಗಳಂದು ಬಸ್ಸಿನಲ್ಲಿ ಗದಗಕ್ಕೆ ಬಂದನು. ಇಬ್ಬರೂ ಕೂಡಿ ಕಟ್ಟಿದೆವು, ಅಳೆದೆವು, ತೂಗಿದೆವು. ಓಡದ ಮಾದರಿಯು ಏನನ್ನು ಕಲಿಸಬಲ್ಲದು, ಅದು ಒಳ್ಳೆಯದೋ ಕೆಟ್ಟದೋ ಎಂದು ನಿರ್ಣಯಿಸುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಮೂಲವನ್ನು ನೋಡೋಣ. ಅಮೆರಿಕೆಯಲ್ಲಿ ಡ್ರ್ಯಾಗ್ ರೇಸ್ ಎಂದು ಕರೆಯುವ ಪಂದ್ಯವು ಬಲು ಸರಳವಾದುದು. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಲ್ಲುವುವು. ಸಂಜ್ಞೆ ದೊರೆತೊಡನೆ ನೇರವಾಗಿ ಧಾವಿಸುವುವು. ತಿರುವಿಲ್ಲ, ಸುತ್ತಿಲ್ಲ. ೧೯೫೦ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಆನಾ ಊರಿನ ವಿಮಾನಪಟ್ಟಿಯ ಮೇಲೆ ಇಂತಹ ಪಂದ್ಯಗಳು ಕ್ರಮಬದ್ಧವಾಗಿ ಆರಂಭವಾದುವು; ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಇದಕ್ಕೆ ನಿಯಮ ಕಟ್ಟುವ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ನಮ್ಮಲ್ಲಿಯೂ ಮದರಾಸಿನ ಹತ್ತಿರದ ಶೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯೇ ಬಹುಕಾಲ ಮೋಟರು ಪಂದ್ಯಗಳ ಕಣವಾಗಿದ್ದಿತು. ಆದರೆ ಅಲ್ಲಿಯವು ಸುತ್ತು ಹಾಕುವ ಪಂದ್ಯಗಳು.

ಡ್ರ್ಯಾಗ್ ಪಂದ್ಯದ ದೂರ ಕಾಲು ಮೈಲಿ, ಎಂದರೆ ೪೦೨ ಮೀಟರುಗಳಿಗೆ ತುಸು ಹೆಚ್ಚು. ಗದಗದಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ ಎರಡು ಕಿಲೋಮೀಟರು ಕಲ್ಲುಗಳ ನಡುವಿನ ಅಂತರವನ್ನು ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ನಡೆಯುವವನಿಗೆ ಸುಮಾರು ಐದು ನಿಮಿಷದ ಹಾದಿ. (೨೦೦೮ರಲ್ಲಿ ಚಾಲಕನೊಬ್ಬನು ಅಪಘಾತದಲ್ಲಿ ಮಡಿದ ಮೇಲೆ ಅತಿ ವೇಗದ ವರ್ಗಗಳಿಗೆ ಇದನ್ನು ೧೦೦೦ ಅಡಿಗೆ ಇಳಿಸಿದರು.) ಈ ಹಾದಿಯನ್ನು ೧೯೬೪ರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಚಾಲಕನು ೭.೭೮ ಸೆಕೆಂಡುಗಳಲ್ಲಿ ಮುಗಿಸಿದನು. ಕೊನೆಯಲ್ಲಿ ಅವನ ವೇಗ ಗಂಟೆಗೆ ೨೦೧ ಮೈಲಿ, ಅಂದರೆ ೩೨೪ ಕಿಲೋಮೀಟರು.

ಈ ಸಂಖ್ಯೆಯ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಿರಿ. ೪೦೨ ಮೀಟರು ಎತ್ತರದಿಂದ ಒಂದು ಕಲ್ಲನ್ನು ಕೈಬಿಟ್ಟರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅದು ನೆಲ ಮುಟ್ಟಲು ೯ ಸೆಕೆಂಡುಗಳಿಗೆ ಮಿಕ್ಕಿ ಬೇಕಾಗುವುದು. ನೆಲದ ಮೇಲೆ ಓಡಿದ ಕಾರು ಆಕಾಶದಿಂದ ಬಿದ್ದ ಕಲ್ಲನ್ನು ಹಿಂದೆ ಹಾಕಿತು! ವೇಗೋತ್ಕರ್ಷವು ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿದ್ದಿದ್ದರೆ ಕೊನೆಯ ವೇಗವು ಗಂಟೆಗೆ ೩೭೨ ಕಿಲೋಮೀಟರು ಆಗಬೇಕಾಗಿತ್ತು. ನಿಜವಾಗಿ ಇದ್ದುದು ೩೨೪. ಎಂದ ಮೇಲೆ ಹೊರಡುವಾಗಿನ ನೂಕುಬಲ ಇನ್ನೂ ಹೆಚ್ಚಾಗಿದ್ದು, ಬರಬರುತ್ತ ಕುಗ್ಗಿರಬೇಕು.

ಆ ಬಲ ಎಲ್ಲಿಂದ ಬಂದಿತು? ಎಂಜಿನ್ನಿನಿಂದ ಎನ್ನುವುದು ಅರ್ಧ ಉತ್ತರ. ನಮ್ಮ ಚಕ್ಕಡಿಯಲ್ಲಿ ನೆಲವನ್ನು ಹಿಂದಕ್ಕೆ ಒದೆಯುವುದು ಎತ್ತಿನ ಗೊರಸು. ಗಾಲಿ ಬರಿದೆ ಉರುಳುವುದು. ಕಾರಿನಲ್ಲಾದರೋ ಗಾಲಿಯೇ ಗೊರಸು. ಗಾಲಿ ನೆಲವನ್ನು ಹಿಡಿಯದೆ ಜಾರಿದರೆ ಸಾವಿರ ಕುದುರೆಗಳ ಶಕ್ತಿಯೂ ಹೊಗೆಯಾಗಿ ಹೋಗುವುದು. ಚಕ್ಕಡಿಯ ಹೇರು ಹಿಂಭಾರವಾದರೆ ನೊಗ ಮೇಲೇಳುವುದೆಂದು ಪ್ರತಿಯೊಬ್ಬ ರೈತನಿಗೂ ಗೊತ್ತು. ಅವನು ಅದನ್ನು ತಪ್ಪಿಸಲು ಹೇರನ್ನು ಸರಿಪಡಿಸುತ್ತಾನೆ. ಈ ಕಾರನ್ನು ಕಟ್ಟುವವರು ಬೇಕೆಂದೇ ಭಾರವನ್ನು ಹಿಂದಕ್ಕೆ ಸರಿಸಿ, ಮೂತಿಯು ಮೇಲೇಳದಿರಲೆಂದು ಚೌಕಟ್ಟನ್ನು ಉದ್ದ ಮಾಡಿದರು. ಆದುದರಿಂದಲೇ ಆ ನೀಳವಾದ ಆಕಾರ. ಹಿಂದಿನ ಟಯರುಗಳು ನುಣ್ಣಗಿರುವುದನ್ನು ಕಂಡು ಸವೆದವೆಂದು ತಿಳಿಯಬಾರದು. ಗೀರುಗಳಿಲ್ಲದ ಮೃದುವಾದ ರಬ್ಬರು ನೆಲದ ಸಣ್ಣ ತಗ್ಗುದಿಣ್ಣೆಗಳೊಳಗೆ ಇಳಿದು ಕಚ್ಚುತ್ತದೆ. ಘರ್ಷಣಾಂಕವು ಒಂದನ್ನು ಮೀರದೆಂಬ ನಿಯಮವೇನೂ ಇಲ್ಲ. ಕಲ್ಲನ್ನು ಸೋಲಿಸಿದ ಗುಟ್ಟು ಅಲ್ಲಿದೆ.

ಇನ್ನು ಮಾದರಿಯ ಕಡೆಗೆ ಬರೋಣ. ಪೆಟ್ಟಿಗೆಯ ಮೇಲೆ ೧:೨೫ ಎಂದು ಬರೆದಿತ್ತು. ಉದ್ದ ೨೫ ಪಾಲು ಕಿರಿದಾದರೆ ಮೇಲ್ಮೈ ೬೨೫ ಪಾಲು, ಗಾತ್ರ ೧೫,೬೨೫ ಪಾಲು ಕಿರಿದಾಗುವುದು. ಮೂಲದ ಕಾರು ೬೦೦ ಕಿಲೋಗ್ರಾಂ ಇತ್ತೆಂದು ಹಿಡಿದರೆ ಮಾದರಿ ೩೮ ಗ್ರಾಂ ತೂಗಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ನಮ್ಮದು ೫೨ ಗ್ರಾಂ ತೂಗಿತು. ಉಕ್ಕಿಗಿಂತ ಎಷ್ಟೋ ಹಗುರಾದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಿಂದ ಮಾಡಿದ್ದು ಹೆಚ್ಚು ತೂಗಿದ್ದೇಕೆ? ಮೂಲದ ಹೊದಿಕೆ ಒಂದು ಮಿಲಿಮೀಟರಿನ ಅಲ್ಯೂಮಿನಿಯಂ ತಗಡು. ಅದನ್ನು ೨೫ ಪಾಲು ಕಿರಿದು ಮಾಡಿದರೆ ತಲೆಗೂದಲಿಗಿಂತ ತೆಳುವಾಗುವುದು. ಕರಗಿದ ಪ್ಲಾಸ್ಟಿಕ್ಕು ಅಂತಹ ಸಂದಿಯಲ್ಲಿ ಹರಿಯಲಾರದು. ಆದುದರಿಂದ ಮಾದರಿಯ ಗೋಡೆಯೂ ಸುಮಾರು ಒಂದು ಮಿಲಿಮೀಟರು ದಪ್ಪ. ಲೆಕ್ಕದಲ್ಲಿ ಇದು ಒಂದು ಇಂಚಿನ ಹಲಗೆಯಿಂದ ಮಾಡಿದ ಕಾರು! ನಿಪುಣನು ಇದನ್ನು ಮರೆಮಾಡುವ ಬಗೆಯೆಂದರೆ ಕಣ್ಣಿಗೆ ಬೀಳುವ ಅಂಚುಗಳನ್ನಷ್ಟೇ ಒಳಗಿನಿಂದ ಕೆರೆದು ತೆಳು ಮಾಡುವುದು, ಹೊಗೆಕೊಳವೆಗಳ ಬಾಯನ್ನು ಕೊರೆದು ಟೊಳ್ಳಾಗಿಸುವುದು.

ಕಿರಿದು ಮಾಡುವ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಗದಗದಿಂದ ಸುಮಾರು ೧೨ ಕಿಲೋಮೀಟರು ದೂರದ ಲಕ್ಕುಂಡಿಗೆ ಹೋಗಿ ಕಾಶೀವಿಶ್ವೇಶ್ವರ ಗುಡಿಯ ಹೊರಗೋಡೆಯನ್ನು ನೋಡಿರಿ. ಗುಡಿಯ ಮೈಮೇಲೆಯೇ ಶಿಖರಸಹಿತವಾದ ಪುಟ್ಟ ಗುಡಿಗಳು ಮೂಡಿವೆ. ಬಾದಾಮಿಯ ಮರಳುಗಲ್ಲಿನ ಕಣ ದಪ್ಪ. ಲಕ್ಕುಂಡಿಯ ಶಿಲ್ಪಿ ಬಳಪದ ಕಲ್ಲನ್ನು ಆರಿಸಿಕೊಂಡನು. ಅದರ ಕಣ ನುಣುಪು, ಉಳಿಗೆ ಮೃದು. ಮಾದರಿಯ ಸೂಕ್ಷ್ಮತೆಗೆ ಮಿತಿ ಹಾಕುವುದು ಕೈಗಿಂತ ಮೊದಲು ಪದಾರ್ಥ. ಬ್ರಿಟನ್ನಿನಲ್ಲಿ ೧೯೩೬ರಲ್ಲಿ ಮೊದಲ ಪ್ಲಾಸ್ಟಿಕ್ ವಿಮಾನದ ಪೆಟ್ಟಿಗೆಗಳು ಹೊರಬಂದಾಗ ಬಳಸಿದ್ದುದು ಸೆಲ್ಯುಲೋಸ್ ಅಸಿಟೇಟ್. ಅದು ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿತ್ತು. ಪಾಲಿಸ್ಟೈರೀನ್ ಬಂದ ಮೇಲೆಯೇ ಈ ಹವ್ಯಾಸ ಮನೆಮನೆಗೆ ಹರಡಿತು.

ಕಟ್ಟುವ ಕೆಲಸದಲ್ಲಿ ಆತುರ ಸಲ್ಲದು. ಭಾಗಗಳು ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕೈಯಿಂದ ತಿರುಚಿ ಕೀಳದೆ ಕತ್ತರಿಸಬೇಕು. ಅಚ್ಚಿನ ಎರಡು ಹೋಳುಗಳು ಕೂಡುವಲ್ಲಿ ಎದ್ದ ಗೆರೆಯನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆಯಬೇಕು. ಇದರ ಅಂಟು ಗೋಂದಿನಂತಹುದಲ್ಲ. ಅದು ಎರಡೂ ಮೈಗಳನ್ನು ಕರಗಿಸಿ, ತಾನು ಆವಿಯಾಗಿ ಹೋಗಿ, ಒಂದಕ್ಕೊಂದು ಬೆಸೆಯುವ ದ್ರಾವಕ. ಆ ಆವಿ ಶ್ವಾಸಕ್ಕೆ ಕೆಟ್ಟದ್ದು. ಕಿಟಕಿಗಳನ್ನು ತೆರೆದೇ ಕುಳಿತುಕೊಳ್ಳಬೇಕು, ದೀಪ-ಒಲೆಗಳನ್ನು ದೂರ ಇಡಬೇಕು. ಕ್ರೋಮಿನಂತೆ ಹೊಳೆಯುವ ಭಾಗಗಳ ಮೇಲಿರುವುದು ನಿರ್ವಾತದಲ್ಲಿ ಲೇಪಿಸಿದ ಅಲ್ಯೂಮಿನಿಯಂ ಪೊರೆ. ಅಂಟುವ ಜಾಗದಲ್ಲಿ ಅದನ್ನು ಕೆರೆಯದಿದ್ದರೆ ದ್ರಾವಕ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ಹುಡುಗನ ಮೊದಲ ಕಾರಿನಲ್ಲಿ ಎಂಜಿನ್ನಿನ ತಲೆ ಕಳಚಿ ಬಿದ್ದದ್ದು ಇದೇ ಕಾರಣದಿಂದ.

ನಮ್ಮ ಪೆಟ್ಟಿಗೆಯ ಉದ್ದನೆಯ ಚೌಕಟ್ಟು ಬರುವಾಗಲೇ ಬಾಗಿದ್ದಿತು. ಕನ್ನಡಿಯ ಮೇಲಿಟ್ಟು ನೋಡಿದಾಗ ಒಂದು ಮುಂಗಾಲಿಯ ಕೆಳಗೆ ಪೋಸ್ಟ್ ಕಾರ್ಡು ನುಸುಳುತ್ತಿತ್ತು. ಹಬೆಯಾಡುವ, ಆದರೆ ಕುದಿಯದ ನೀರಿನಲ್ಲಿ ಅದ್ದಿ, ನೆಟ್ಟಗೆ ಹಿಡಿದು, ತಣ್ಣೀರಿನಲ್ಲಿ ಇಳಿಸಿದ ಮೇಲೆ ಸರಿಹೋಯಿತು.

ಎಂಟು ಸಿಲಿಂಡರುಗಳಿಗೆ ಕಿಡಿ ಒಯ್ಯುವ ತಂತಿಗಳನ್ನು ಪೆಟ್ಟಿಗೆಯವರು ಕೊಟ್ಟಿರಲಿಲ್ಲ. ಮೂಲದಲ್ಲಿ ಅವುಗಳ ದಪ್ಪ ೭ ಮಿಲಿಮೀಟರು; ನಮಗೆ ಬೇಕಾದುದು ೦.೨೮. ಉತ್ತರವು ಬೆಟಗೇರಿಯ ನೇಕಾರರ ಓಣಿಯಲ್ಲಿ ದೊರೆಯಿತು. ಹತ್ತಿಯ ನೂಲಿನ ನಂಬರೆಂದರೆ ಒಂದು ಪೌಂಡಿಗೆ ೮೪೦ ಗಜದ ಲಡಿಗಳು ಎಷ್ಟು ತೂಗುವುವು ಎಂಬ ಲೆಕ್ಕ. ನಂಬರು ಏರಿದಂತೆ ನೂಲು ತೆಳುವಾಗುವುದು. ೧೦ನೆಯ ನಂಬರಿನ ನೂಲಿನ ವ್ಯಾಸ ಸುಮಾರು ೦.೨೯ ಮಿಲಿಮೀಟರು, ೨೦ನೆಯ ನಂಬರಿನ ಎರಡೆಳೆಯ ಹುರಿಯೂ ಹೆಚ್ಚುಕಡಿಮೆ ಅಷ್ಟೇ. ಪರೀಕ್ಷಿಸಲು ಸೂಕ್ಷ್ಮಮಾಪಕ ಬೇಡ. ಪೆನ್ಸಿಲಿಗೆ ಇಪ್ಪತ್ತು ಸುತ್ತು ಒತ್ತೊತ್ತಾಗಿ ಸುತ್ತಿ, ಅಗಲವನ್ನು ಅಳೆದು, ಇಪ್ಪತ್ತರಿಂದ ಭಾಗಿಸಿರಿ. ಜುಂಗು ಏಳದಂತೆ ಜೇನುಮೇಣ ಸವರಿದೆವು. ಸೀರೆಯ ನೂಲು ಕಾರಿನ ತಂತಿಯಾದ ಈ ಗಳಿಗೆ ನನಗೆ ಇಡೀ ಕೆಲಸದಲ್ಲಿಯೇ ಪ್ರಿಯವಾದುದು.

ಮೌಲ್ಯಮಾಪನದಲ್ಲಿ ಹೊಳಪಿಗೆ ಮಾರುಹೋಗಬಾರದು, ಅಳತೆಪಟ್ಟಿಯೇ ಪ್ರಮಾಣ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ೧೫೨ ಮಿಲಿಮೀಟರು ಬಂದಿತು. ೨೫ರಿಂದ ಗುಣಿಸಿದರೆ ೩.೮ ಮೀಟರು, ಅಂದಿನ ಕಾರುಗಳಿಗೆ ಒಪ್ಪುವಂತಹುದು. ಇದೇ ಕಾರು ೧:೨೪ರದಾಗಿದ್ದರೆ ೧೫೮ ಬರಬೇಕಿತ್ತು. ಟಯರುಗಳೂ ಉತ್ತೀರ್ಣವಾದುವು. ಅನುತ್ತೀರ್ಣನಾದವನು ಚಾಲಕ! ಆಸನದಿಂದ ನೆತ್ತಿಯವರೆಗೆ ಅವನ ಎತ್ತರ ೩೧ ಮಿಲಿಮೀಟರು, ಎಂದರೆ ಮೂಲದಲ್ಲಿ ೭೭ ಸೆಂಟಿಮೀಟರು. ವಯಸ್ಕನಿಗೆ ೯೦ರ ಸುಮಾರು ಇರಬೇಕು. ದಪ್ಪ ಗೋಡೆಗಳು ಜಾಗ ನುಂಗಿದ್ದರಿಂದ ಮನುಷ್ಯನನ್ನೇ ಕುಗ್ಗಿಸಿದ್ದರು. ನೀರಿನಲ್ಲಿ ನೆನೆಸಿ ಜಾರಿಸುವ ಚಿತ್ರಪಟ್ಟಿಗಳಲ್ಲಿ ಕೆಂಪು ಬಣ್ಣವು ಕಪ್ಪು ಗೆರೆಯಿಂದ ಕೂದಲೆಳೆಯಷ್ಟು ಸರಿದಿತ್ತು. ಗದಗದ ಮುದ್ರಣಾಲಯಗಳಲ್ಲಿ ಕೆಲಸ ಮಾಡಿದ ಯಾರ ಕಣ್ಣಿಗಾದರೂ ಅದು ತಟ್ಟನೆ ಬೀಳುತ್ತಿತ್ತು.

“ಓಡತೈತೇನು?” ಎಂಬ ಪ್ರಶ್ನೆಗೂ ಲೆಕ್ಕದಲ್ಲಿ ಉತ್ತರವಿದೆ. ೧:೨೫ರಲ್ಲಿ ಕಾಲು ಮೈಲಿಯೆಂದರೆ ೧೬ ಮೀಟರು, ಒಂದು ಶಾಲೆಯ ಪಡಸಾಲೆಯ ಉದ್ದ. ಮೋಟರು ಜೋಡಿಸಿ ಎಂಟು ಸೆಕೆಂಡುಗಳಲ್ಲಿ ಅದನ್ನು ದಾಟಿಸಿದರೆ ನೋಡುವವರು ಚಪ್ಪಾಳೆ ತಟ್ಟಬಹುದು. ಆದರೆ ಅದರ ವೇಗೋತ್ಕರ್ಷ ಮೂಲದ ೨೫ನೆಯ ಒಂದು ಪಾಲು ಮಾತ್ರ. ಭೂಮಿಯ ಆಕರ್ಷಣವು ಮಾದರಿಗಾಗಿ ಕಿರಿದಾಗುವುದಿಲ್ಲವಷ್ಟೆ. ಆದುದರಿಂದ ಕಾಲವನ್ನು ೨೫ರ ವರ್ಗಮೂಲವಾದ ೫ರಿಂದ ಭಾಗಿಸಬೇಕು. ಗಾರ್ಲಿಟ್ಸನ ಓಟವನ್ನು ನಿಜವಾಗಿ ಅನುಕರಿಸಬೇಕಾದರೆ ಪಡಸಾಲೆಯನ್ನು ೧.೫೬ ಸೆಕೆಂಡುಗಳಲ್ಲಿ ದಾಟಬೇಕು. ಓಡುವ ಆಟಿಕೆ ಈ ವಿಷಯದಲ್ಲಿ ಸುಳ್ಳು ಹೇಳುತ್ತದೆ. ನಿಂತ ಮಾದರಿ ಹೇಳುವುದಿಲ್ಲ.

ನಿಂತ ಮಾದರಿ ಹೇಳಿದ ಇನ್ನೊಂದು ಸಂಗತಿಯಿದೆ. ಕೊನೆಯ ರವಿವಾರ ಚಾಲಕನನ್ನು ಕೂರಿಸುತ್ತಿದ್ದೆವು. ಈ ಬಗೆಯ ಕಾರಿನಲ್ಲಿ ಎಂಜಿನ್ನು ಮುಂದೆ. ಚಾಲಕನು ಹಿಂದಿನ ಅಚ್ಚಿಗಿಂತಲೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನಂತೆ. ಕಾಲುಗಳನ್ನು ಅಚ್ಚಿನ ಮೇಲಿಂದ ಮುಂದಕ್ಕೆ ಚಾಚಿ, ಪಾದಗಳನ್ನು ಗೇರುಪೆಟ್ಟಿಗೆಯ ಎರಡು ಪಕ್ಕಗಳಲ್ಲಿ ಇಡಬೇಕು. ಹುಡುಗನು ಚಿಮಟದಿಂದ ಆ ಪಾದಗಳನ್ನು ಕೂರಿಸಿ ಸ್ವಲ್ಪ ಹೊತ್ತು ನೋಡಿದನು.

“ಸರ್, ಈ ಪೆಟ್ಟಿಗಿ ಒಡದ್ರ ಇವನ ಕಾಲು ಏನಾಗ್ತಾವ್ರೀ?”

ನಾನು ಅವನಿಗೆ ಆ ಕಥೆಯನ್ನು ಹೇಳಿರಲಿಲ್ಲ. ೧೯೭೦ರ ಮಾರ್ಚ್ ೮ರಂದು ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಳಿಯ ಲಯನ್ಸ್ ಕಣದಲ್ಲಿ ಹೊರಡುವ ಗೆರೆಯ ಮೇಲೆಯೇ ಗಾರ್ಲಿಟ್ಸನ ಗೇರುಪೆಟ್ಟಿಗೆ ಸಿಡಿಯಿತು. ಕಾರು ಎರಡು ತುಂಡಾಯಿತು. ಅವನ ಬಲಗಾಲಿನ ಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವನು ಯೋಚಿಸಿದ್ದು ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸಾಗಿಸುವ ಬಗೆಯನ್ನು. ೧೯೭೧ರಲ್ಲಿ ಅಂತಹ ಕಾರನ್ನು ಕಟ್ಟಿ ಪೊಮೋನದ ರಾಷ್ಟ್ರೀಯ ಪಂದ್ಯವನ್ನು ಗೆದ್ದನು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ನುಳ್ಳ ಕಾರುಗಳು ಆ ವರ್ಗದಿಂದ ಮರೆಯಾದುವು.

ಹುಡುಗನು ಎಲ್ಲವನ್ನೂ ಕೇಳಿಕೊಂಡು, ಚಾಲಕನ ಪಾದಗಳನ್ನು ಇನ್ನೊಮ್ಮೆ ನೋಡಿ, ಅಂಟಿನ ಬಾಟಲಿಗೆ ಮುಚ್ಚಳ ಹಾಕಿದನು. ಈಗ ಅವನು ಎಂಜಿನ್ನು ಹಿಂದಿರುವ ಕಾರಿನ ಪೆಟ್ಟಿಗೆಗಾಗಿ ಹುಡುಕುತ್ತಿದ್ದಾನೆ. ೨೦ನೆಯ ನಂಬರಿನ ಹುರಿ ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಅರ್ಧ ಲಡಿಯಷ್ಟು ಉಳಿದಿದೆ.