ಹೊಸಬರೂ ಹಳಬರೂ

ಊರಿನಲ್ಲಿ ಕಳವಾದರೆ, ಪುಂಡಾಟ ನಡೆದರೆ, ಜನರ ಬೆರಳು ಮೊದಲು ತಿರುಗುವುದು ಹೊಸದಾಗಿ ಬಂದು ನೆಲೆಸಿದವರ ಮಕ್ಕಳ ಕಡೆಗೆ. ಈ ಸಂಶಯ ಎಲ್ಲ ದೇಶಗಳಲ್ಲಿಯೂ ಉಂಟು. ಇದು ನ್ಯಾಯವೇ ಎಂಬ ಪ್ರಶ್ನೆಗೆ ಅಮೆರಿಕದ ಶಿಕಾಗೊ ನಗರದ ಅನುಭವವು ಉತ್ತರ ನೀಡುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಯೂರೋಪಿನ ಬಡಜನರು ಕೆಲಸವನ್ನರಸಿ ಆ ನಗರಕ್ಕೆ ಬಂದರು. ಕಾರ್ಖಾನೆಗಳ ಹೊಗೆ ಕವಿದ, ಬಾಡಿಗೆ ಕಡಿಮೆಯಿದ್ದ ಕೇರಿಗಳೇ ಅವರಿಗೆ ದೊರೆತ ನೆಲೆ. ಬಾಲಾಪರಾಧಿಗಳಿಗಾಗಿಯೇ ಅಮೆರಿಕದಲ್ಲಿ ಮೊದಲ ನ್ಯಾಯಾಲಯವು 1899ರಲ್ಲಿ ಸ್ಥಾಪಿತವಾದದ್ದು ಅದೇ ನಗರದಲ್ಲಿ. ಅದರ ಮೆಟ್ಟಿಲು ಹತ್ತಿದ ಬಾಲಕರಲ್ಲಿ ಆ ಕೇರಿಗಳವರೇ ಬಹಳ. ಇದು ಅವರ ಜನಾಂಗದ ಗುಣವೆಂದು ಹಳಬರು ಆಡಿಕೊಂಡರು.

ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಎಂಬ ವಿದ್ವಾಂಸರು ಹಳೆಯ ದಾಖಲೆಗಳನ್ನು ತೆಗೆದು, ಅಂತಹ ಬಾಲಕರ ಮನೆಗಳನ್ನು ನಗರದ ನಕ್ಷೆಯಲ್ಲಿ ಗುರುತಿಸಿದರು. ಅವರ ಗ್ರಂಥ 1942ರಲ್ಲಿ ಪ್ರಕಟವಾಯಿತು. ಜರ್ಮನರೂ ಐರಿಷರೂ ಆ ಕೇರಿಗಳನ್ನು ಬಿಟ್ಟುಹೋದರು. ಇಟಲಿಯವರೂ ಪೋಲೆಂಡಿನವರೂ ಬಂದರು. ಜನರು ಬದಲಾದರೂ ಅಪರಾಧವು ಅದೇ ಕೇರಿಗಳಲ್ಲಿ ಉಳಿಯಿತು. ಅಲ್ಲಿಂದ ಒಳ್ಳೆಯ ಬಡಾವಣೆಗೆ ಹೋದವರ ಮಕ್ಕಳಲ್ಲಿ ಅದು ತಗ್ಗಿತು. ಚೌಳು ನೆಲದಲ್ಲಿ ಪೈರು ಸೊರಗಿದರೆ ಬೀಜವನ್ನು ಹಳಿಯಬಹುದೆ?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1998ರ ವರದಿಯೊಂದು ಇನ್ನೂ ಸೋಜಿಗದ ಸಂಗತಿಯನ್ನು ತಿಳಿಸಿತು. ಧೂಮಪಾನ, ಮಾದಕ ವಸ್ತುಗಳ ಸೇವನೆ, ಹಿಂಸೆ ಮುಂತಾದ ದುರ್ನಡತೆಗಳು ಪರದೇಶದಿಂದ ಬಂದ ಹದಿಹರೆಯದವರಲ್ಲಿ ಕಡಿಮೆ. ಅಲ್ಲಿಯೇ ಹುಟ್ಟಿದವರಲ್ಲಿ ಹೆಚ್ಚು. ಆದರೆ ವರ್ಷಗಳು ಕಳೆದಂತೆ, ತಲೆಮಾರು ಉರುಳಿದಂತೆ, ಈ ಅಂತರವು ಕಿರಿದಾಗುತ್ತದೆ. ಹೊಸಬರು ಹೊತ್ತುತಂದರೆಂದು ನಾವು ದೂರುವ ಕೇಡನ್ನು ಅವರ ಮಕ್ಕಳು ಎಷ್ಟೋ ವೇಳೆ ನೆರೆಹೊರೆಯವರಿಂದಲೇ ಕಲಿತಿರುತ್ತಾರೆ!

ಶಾ ಅವರು ಗ್ರಂಥವನ್ನು ಬರೆದು ಸುಮ್ಮನಾದವರಲ್ಲ. 1930ರ ದಶಕದಲ್ಲಿಯೇ ಅವರು ಕೇರಿಯ ಜನರನ್ನು ಒಂದುಗೂಡಿಸುವ ಕಾರ್ಯವನ್ನು ಕೈಗೊಂಡಿದ್ದರು. ಹುಡುಗರಿಗೆ ಆಟಪಾಟಗಳನ್ನೂ ಶಿಬಿರಗಳನ್ನೂ ಏರ್ಪಡಿಸುವ ಹೊಣೆಯನ್ನು ಆ ಜನರೇ ಹೊತ್ತರು. ದಾರಿ ತಪ್ಪುವ ಹುಡುಗನನ್ನು ತಡೆದು ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು ಬುದ್ಧಿ ಹೇಳುವ ಹಿರಿಯರು ಕೇರಿಯಲ್ಲಿಯೇ ಇರಬೇಕೆಂಬುದು ಅವರ ನಂಬಿಕೆ.

ನಮ್ಮ ಊರುಗಳಿಗೂ ಕೆಲಸವನ್ನರಸಿ ಹೊರಗಿನವರು ಬರುತ್ತಿದ್ದಾರೆ. ಅವರ ಮಕ್ಕಳು ನಿಮ್ಮ ತರಗತಿಯಲ್ಲಿಯೇ ಕುಳಿತಿರಬಹುದು. ಲೇಖನಿಯೊಂದು ಕಳೆದುಹೋದಾಗ ಆ ಹೊಸ ಮುಖವನ್ನು ದಿಟ್ಟಿಸುವ ಮುನ್ನ ಕ್ಷಣಕಾಲ ಯೋಚಿಸಿರಿ. ಆ ಹುಡುಗ ನಾಳೆ ಏನಾಗುವನೆಂಬುದು, ಇಂದು ನೀವು ಅವನೊಡನೆ ಹೇಗೆ ನಡೆದುಕೊಳ್ಳುವಿರೆಂಬುದನ್ನೂ ಅವಲಂಬಿಸಿದೆ.